ಕತ್ತರಿಯಂತ್ರದ ಮುಂದೆ ನಿಂತವನ ಹಕ್ಕು

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರಗಳಲ್ಲಿಯೂ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿಯೂ, ಬೆಳಗಾವಿಯ ಉದ್ಯಮಬಾಗಿನಲ್ಲಿಯೂ ತಗಡಿನ ಮಾಡಿನ ಕೆಳಗೆ ನಡೆಯುವ ಅಸಂಖ್ಯ ಸಣ್ಣ ಕಾರ್ಖಾನೆಗಳಲ್ಲಿ, ಉಕ್ಕಿನ ಹಾಳೆಯನ್ನು ಶಿಯರಿಂಗ್ ಮಶೀನಿಗೆ ಒಡ್ಡಿ, ಪ್ಲಾಸ್ಟಿಕ್ಕಿನ ಪೈಪನ್ನು ವೃತ್ತಾಕಾರದ ಗರಗಸಕ್ಕೆ ಕೊಟ್ಟು, ಉಳಿದ ತುಣುಕುಗಳನ್ನು ಗ್ರೈಂಡರಿನ ಬಾಯಿಗೆ ಸುರಿಯುತ್ತ ಎಂಟು ಗಂಟೆಯ ಶಿಫ್ಟನ್ನೂ ಅದರ ಮೇಲಿನ ಓಟಿಯನ್ನೂ ಕಳೆಯುವ ಆಪರೇಟರನು, ತನ್ನ ಕೈಬೆರಳಿಗೆ ಕಾನೂನು ಯಾವ ಬೆಲೆಯನ್ನು ಕಟ್ಟಿದೆಯೆಂಬುದನ್ನು ಸಾಮಾನ್ಯವಾಗಿ ಆ ಬೆರಳು ಹೋದ ಮೇಲೆಯೇ ವಿಚಾರಿಸುತ್ತಾನೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಅವನ ಹಕ್ಕು ಅಪಘಾತದ ದಿನ ಹುಟ್ಟುವುದಲ್ಲ. ಅಲಗಿನ ಮುಂದಿನ ರಕ್ಷಣಾಕವಚ, ಎಂದರೆ ಎಲ್ಲರೂ ಗಾರ್ಡ್ ಎಂದು ಕರೆಯುವ ಆ ಕಬ್ಬಿಣದ ಜಾಲರಿ, ತನ್ನ ಸ್ಥಾನದಲ್ಲಿ ಇದೆಯೋ ಇಲ್ಲವೋ, ಇಲ್ಲವಾದರೆ ಅದನ್ನು ತೆಗೆದವರು ಯಾರು, ಅದಕ್ಕೆ ಬರಹದ ಸಾಕ್ಷಿಯುಂಟೆ ಎಂಬ ಪ್ರಶ್ನೆಗಳಲ್ಲಿ ಅದು ಮೊದಲೇ ಅಡಗಿರುತ್ತದೆ.

ಈ ಕ್ಷೇತ್ರವನ್ನು ಬಹುಕಾಲ ಆಳಿದ ಶಾಸನಗಳು ಮೂರು: 1923ರ ಕಾರ್ಮಿಕರ ನಷ್ಟಪರಿಹಾರ ಅಧಿನಿಯಮ, 1948ರ ಕಾರ್ಖಾನೆಗಳ ಅಧಿನಿಯಮ, ಅದೇ ವರ್ಷದ ನೌಕರರ ರಾಜ್ಯ ವಿಮಾ (ಇ.ಎಸ್.ಐ.) ಅಧಿನಿಯಮ. 2025ರ ನವೆಂಬರ್ 21ರಿಂದ ಇವುಗಳ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯೂ ಸಾಮಾಜಿಕ ಭದ್ರತಾ ಸಂಹಿತೆಯೂ ಜಾರಿಗೆ ಬಂದಿವೆ. ಆ ದಿನಕ್ಕೆ ಹಿಂದೆ ನಡೆದ ಅಪಘಾತಕ್ಕೆ ಹಳೆಯ ಶಾಸನವೇ ಆಧಾರ. ಹಳೆಯ ನಿಯಮಗಳು ಸಹ ಹೊಸ ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ, ಹೊಸವು ಬರುವವರೆಗೆ ಮುಂದುವರಿಯುತ್ತವೆ. ಹೆಸರು ಬದಲಾದರೂ ತತ್ತ್ವಗಳಲ್ಲಿ ಬಹುಪಾಲು ಹಾಗೆಯೇ ಉಳಿದುಕೊಂಡಿದೆ. ಬದಲಾದುದರಲ್ಲಿ ಒಂದನ್ನು ಮಾತ್ರ ಗಮನಿಸಬೇಕು. ವಿದ್ಯುಚ್ಛಕ್ತಿಯಿಂದ ನಡೆಯುವ ಸ್ಥಳದಲ್ಲಿ ಹತ್ತು ಮಂದಿಯಿದ್ದರೆ ಹಿಂದೆ ಅದು ಕಾರ್ಖಾನೆಯೆನಿಸುತ್ತಿತ್ತು, ಈಗ ಇಪ್ಪತ್ತು ಮಂದಿ ಬೇಕು. ಹನ್ನೆರಡು ಜನರ ಶೆಡ್ಡಿನ ಮಾಲೀಕನು ಇದನ್ನೇ ಹಿಡಿದು ತನಗೆ ಕಾನೂನಿಲ್ಲವೆಂದು ಹೇಳಬಹುದಾದರೂ ಅದು ಸುಳ್ಳು. ಹತ್ತು ಕಾರ್ಮಿಕರಿರುವ ಯಾವುದೇ ಉದ್ಯಮಸ್ಥಳಕ್ಕೆ ಸುರಕ್ಷತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ, ಅಪಘಾತದ ಪರಿಹಾರಕ್ಕಂತೂ, ಯಂತ್ರಶಕ್ತಿಯಿಂದ ವಸ್ತುವನ್ನು ತಯಾರಿಸುವ ಜಾಗವಾದರೆ, ತಲೆಯೆಣಿಕೆಯ ಮಿತಿಯೇ ಇಲ್ಲ.

ಕೆಲಸಕ್ಕೆ ಸೇರಿದ ದಿನದಿಂದಲೇ ಆಪರೇಟರನು ಕೇಳಿ ಪಡೆಯತಕ್ಕ ವಸ್ತುಗಳು ಕೆಲವಿವೆ. ನೇಮಕಪತ್ರವನ್ನು ಕೊಡುವುದು ಹೊಸ ಸಂಹಿತೆಯ ಪ್ರಕಾರ ಮಾಲೀಕನ ಕರ್ತವ್ಯವಾಗಿದೆ; ಅದರಲ್ಲಿ 'ಹೆಲ್ಪರ್' ಎಂದು ಬರೆದು ಪವರ್ ಪ್ರೆಸ್ಸಿನ ಮುಂದೆ ನಿಲ್ಲಿಸುವ ರೂಢಿ ನಮ್ಮಲ್ಲಿ ಹೇರಳವಾಗಿರುವುದರಿಂದ, ಪತ್ರದಲ್ಲಿನ ಹುದ್ದೆಯೂ ಕೈಯಲ್ಲಿನ ಕೆಲಸವೂ ಒಂದೇ ಆಗಿದೆಯೆ ಎಂಬುದನ್ನು ನೋಡಿಕೊಳ್ಳುವುದು ಕ್ಷೇಮ. ಯಂತ್ರದ ವಿಷಯದಲ್ಲಿ ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆಗಳನ್ನು ಒದಗಿಸುವುದೂ ಮಾಲೀಕನ ಹೊಣೆಯೇ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳನ್ನು ಮೀರಿದ ಕೆಲಸಕ್ಕೆ ಕಾರ್ಮಿಕನ ಒಪ್ಪಿಗೆ ಬೇಕು, ಕೂಲಿ ಎರಡರಷ್ಟು ಬರಬೇಕು. ಇದನ್ನು ಕೇವಲ ಹಣದ ಮಾತೆಂದು ತಿಳಿಯಬಾರದು: ಹದಿನಾಲ್ಕನೆಯ ಗಂಟೆಯಲ್ಲಿ ಫುಟ್ ಪೆಡಲನ್ನು ಒತ್ತುವ ಪಾದಕ್ಕೂ ಹಾಳೆಯನ್ನು ಸರಿಪಡಿಸುವ ಕೈಗೂ ನಡುವೆ ಇರಬೇಕಾದ ಹೊಂದಾಣಿಕೆಯು ತಪ್ಪುವುದು ದೇಹಧರ್ಮ, ಆ ತಪ್ಪಿಗೆ ಬೆಲೆ ತೆರುವುದು ಬೆರಳು.

ಇನ್ನು ಗಾರ್ಡಿನ ವಿಚಾರ. ಚಲಿಸುವ ಅಪಾಯಕರ ಭಾಗಗಳಿಗೆ ಭದ್ರವಾದ ಆವರಣವಿರಬೇಕೆಂದೂ, ಯಂತ್ರವು ಚಲನೆಯಲ್ಲಿರುವಾಗ ಅದು ತನ್ನ ಸ್ಥಾನದಲ್ಲಿಯೇ ಇರಬೇಕೆಂದೂ 1948ರ ಅಧಿನಿಯಮದ 21ನೆಯ ಕಲಮು ಸ್ಪಷ್ಟವಾಗಿ ವಿಧಿಸಿತ್ತು; ಶಕ್ತಿಯನ್ನು ತತ್‌ಕ್ಷಣ ಕಡಿದುಹಾಕುವ ಸಾಧನವು ಕೆಲಸದ ಕೋಣೆಯಲ್ಲಿ ಇರಬೇಕೆಂಬುದು 24ನೆಯದು. ಆದರೆ ವಾಸ್ತವದಲ್ಲಿ ನಡೆಯುವುದೇ ಬೇರೆ. ಜಾಲರಿಯಿದ್ದರೆ ಸಣ್ಣ ತುಂಡುಗಳನ್ನು ಒಳಗೆ ಕೊಡುವುದು ನಿಧಾನವಾಗುತ್ತದೆ, ನಿಧಾನವಾದರೆ ಟಾರ್ಗೆಟ್ಟು ಮುಟ್ಟುವುದಿಲ್ಲ, ಆದ್ದರಿಂದ ಸೂಪರ್‌ವೈಸರನು ಬಾಯಿಮಾತಿನಲ್ಲಿ 'ಅದನ್ನು ಬಿಚ್ಚಿಡಿ' ಎನ್ನುತ್ತಾನೆ. ಎರಡೂ ಕೈಗಳಿಂದ ಒತ್ತಿದರೆ ಮಾತ್ರ ಇಳಿಯತಕ್ಕ ಪ್ರೆಸ್ಸಿನ ಒಂದು ಗುಂಡಿಗೆ ಟೇಪು ಸುತ್ತಿ ಅದನ್ನು ಒಂದೇ ಕೈಯ ಯಂತ್ರವನ್ನಾಗಿ ಮಾಡಲಾಗುತ್ತದೆ. ಕೈ ಹೋದ ಮೇಲೆ, ಗಾರ್ಡನ್ನು ತೆಗೆದವನು ಆಪರೇಟರನೇ ಎಂಬ ಹೇಳಿಕೆಯು ಕಚೇರಿಯ ಕಡತದಲ್ಲಿ ಪ್ರತ್ಯಕ್ಷವಾಗುತ್ತದೆ.

ಇದು ಬರಿಯ ನೈತಿಕ ದೂಷಣೆಯಲ್ಲ. ಇದಕ್ಕೆ ಕಾನೂನಿನಲ್ಲಿ ಭಾರೀ ಪರಿಣಾಮವುಂಟು. ಕಾರ್ಮಿಕನು ಮದ್ಯದ ಅಮಲಿನಲ್ಲಿದ್ದುದರಿಂದಲೋ, ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬುದ್ಧಿಪೂರ್ವಕವಾಗಿ ಉಲ್ಲಂಘಿಸಿದುದರಿಂದಲೋ, ಸುರಕ್ಷಾಸಾಧನವೆಂದು ತಿಳಿದೂ ಅದನ್ನು ಬೇಕೆಂದೇ ತೆಗೆದುದರಿಂದಲೋ ನೇರವಾಗಿ ಗಾಯವುಂಟಾದರೆ ಮಾಲೀಕನಿಗೆ ಪರಿಹಾರದ ಹೊಣೆಯಿಲ್ಲವೆಂದು ಶಾಸನವು ಹೇಳುತ್ತದೆ. ಮರಣವೋ ಶಾಶ್ವತ ಪೂರ್ಣ ಅಸಾಮರ್ಥ್ಯವೋ ಉಂಟಾದಾಗ ಈ ಸಮರ್ಥನೆ ನಿಲ್ಲುವುದಿಲ್ಲ. ಆದರೆ ಬೆರಳು ಹೋಗುವುದು ಶಾಶ್ವತ ಆಂಶಿಕ ಅಸಾಮರ್ಥ್ಯ. ಅಂದರೆ ಕತ್ತರಿಯಂತ್ರಗಳಲ್ಲಿ ಅತಿ ಸಾಮಾನ್ಯವಾದ ಗಾಯಕ್ಕೇ ಈ ಆಯುಧವು ಮಾಲೀಕನ ಕೈಯಲ್ಲಿದೆ. ಆದರೂ ಅದನ್ನು ರುಜುವಾತುಪಡಿಸುವ ಭಾರ ಅವನ ಮೇಲಿದೆಯೆಂಬುದನ್ನೂ, ಅಜಾಗರೂಕತೆ ಬೇರೆ ಉದ್ದೇಶಪೂರ್ವಕ ಉಲ್ಲಂಘನೆ ಬೇರೆಯೆಂಬುದನ್ನೂ, ಮೇಲಿನವನ ಅಪ್ಪಣೆಯಂತೆ ಗಾರ್ಡಿಲ್ಲದೆ ದುಡಿದವನು ಉಲ್ಲಂಘಕನಲ್ಲವೆಂಬುದನ್ನೂ ಕಾರ್ಮಿಕನು ಮನದಟ್ಟು ಮಾಡಿಕೊಳ್ಳತಕ್ಕದ್ದು.

ಹಾಗಾದರೆ ಮೊದಲೇ ಮಾಡಬೇಕಾದುದೇನು? ಸುರಕ್ಷತಾ ಸಂಹಿತೆಯ 14ನೆಯ ಕಲಮು ಕಾರ್ಮಿಕನಿಗೆ ಒಂದು ಹಕ್ಕನ್ನು ಕೊಟ್ಟಿದೆ: ತನ್ನ ಸುರಕ್ಷತೆಯ ಬಗ್ಗೆ ಮಾಲೀಕನಿಂದ ಮಾಹಿತಿ ಪಡೆಯುವುದು, ಮತ್ತು ಗಂಭೀರ ಗಾಯವೋ ಪ್ರಾಣಾಪಾಯವೋ ಸನ್ನಿಹಿತವಾಗಿದೆಯೆಂಬ ಸಕಾರಣವಾದ ಭಯವಿದ್ದಲ್ಲಿ ಅದನ್ನು ಮಾಲೀಕನಿಗೆ ನೇರವಾಗಿಯಾಗಲಿ ಸುರಕ್ಷತಾ ಸಮಿತಿಯ ಮೂಲಕವಾಗಲಿ ತಿಳಿಸಿ, ಜೊತೆಯಲ್ಲಿಯೇ ತನಿಖಾಧಿಕಾರಿಗೂ ತಿಳಿಸುವುದು. ಮಾಲೀಕನು ಒಡನೆಯೇ ಪರಿಹಾರಕ್ರಮ ಕೈಗೊಳ್ಳಬೇಕು. ಕರ್ನಾಟಕದಲ್ಲಿ ಈ ಅಧಿಕಾರಿಗಳು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಸೇರಿದವರು. ಅದರ ಕೇಂದ್ರ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಕೆಲಸ ಹೋದೀತೆಂಬ ಭಯ ಸಹಜವಾದುದೇ. ಆದ್ದರಿಂದ ಒಬ್ಬನೇ ಬರೆಯುವುದಕ್ಕಿಂತ ಶಿಫ್ಟಿನ ನಾಲ್ವರು ಸೇರಿ ದಿನಾಂಕ ಹಾಕಿ ಸಹಿ ಮಾಡುವುದು ಮೇಲು. ಅದಕ್ಕೂ ಧೈರ್ಯ ಸಾಲದವನು ಸೂಪರ್‌ವೈಸರನಿಗೆ 'ಮೂರನೆಯ ಮಶೀನಿನ ಗಾರ್ಡ್ ಇಲ್ಲ, ಹಾಕಿಸಿಕೊಡಿ' ಎಂದು ವಾಟ್ಸಾಪಿನಲ್ಲಿ ಎರಡು ಸಾಲು ಕಳುಹಿಸಿದರೂ, ನಾಳೆ ಅದು ನೂರು ಬಾಯಿಮಾತುಗಳಿಗಿಂತ ಬೆಲೆಯುಳ್ಳದ್ದಾದೀತು.

ಅಪಘಾತ ಸಂಭವಿಸಿದಾಗ ಪ್ರಥಮತಃ ಚಿಕಿತ್ಸೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆಯ ದಾಖಲೆಯಲ್ಲಿ 'ಮನೆಯ ಬಾಗಿಲಿಗೆ ಸಿಕ್ಕಿತು' ಎಂದು ಬರೆಯಿಸುವಂತೆ ಜೊತೆಯಲ್ಲಿ ಬಂದವರು ಒತ್ತಾಯಿಸುವುದುಂಟು; ಖರ್ಚನ್ನೆಲ್ಲ ತಾವೇ ಕೊಡುವುದಾಗಿ ಆಶ್ವಾಸನೆಯನ್ನೂ ನೀಡುವುದುಂಟು. ಆ ಒಂದು ವಾಕ್ಯವು ಮುಂದಿನ ಎಲ್ಲ ಹಕ್ಕುಗಳ ಬೇರಿಗೇ ಕೊಡಲಿಯಿಟ್ಟಂತೆ. ಯಾವ ಕಾರ್ಖಾನೆ, ಯಾವ ಯಂತ್ರ, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ಯಥಾರ್ಥವಾಗಿ ಹೇಳಿ, ವೈದ್ಯಕೀಯ-ಕಾನೂನು ಪ್ರಕರಣವಾಗಿ ದಾಖಲಿಸಿಕೊಳ್ಳುವಂತೆ ಕೇಳಬೇಕು. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ನಮೂದಾಗಿದೆಯೆ ಎಂದು ಸಹೋದ್ಯೋಗಿಯ ಮೂಲಕವಾದರೂ ವಿಚಾರಿಸಬೇಕು. ಯಂತ್ರದ ಛಾಯಾಚಿತ್ರವನ್ನು ಗಾರ್ಡು ಮತ್ತೆ ಕೂರುವ ಮುನ್ನವೇ ತೆಗೆಯಿಸಬೇಕು.

ಪರಿಹಾರದ ಮಾರ್ಗಗಳು ಎರಡು. ಆದರೆ ಒಬ್ಬನಿಗೆ ಒಂದೇ ಮಾರ್ಗ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಮಾಸಿಕ 21,000 ರೂಪಾಯಿಯವರೆಗೆ ವೇತನವಿರುವವನು ಇ.ಎಸ್.ಐ. ವಿಮೆಯ ವ್ಯಾಪ್ತಿಗೆ ಬರುತ್ತಾನೆ, ಆಗ ಅವನು ಮಾಲೀಕನಿಂದ ಪ್ರತ್ಯೇಕ ನಷ್ಟಪರಿಹಾರವನ್ನು ಕೇಳುವಂತಿಲ್ಲ. ಅವನ ವೇತನದಿಂದ ಶೇಕಡಾ 0.75, ಮಾಲೀಕನಿಂದ ಶೇಕಡಾ 3.25 ವಂತಿಗೆಯಾಗಿ ಹೋಗುತ್ತದೆ. ಕೆಲಸದ ಗಾಯಕ್ಕೆ ಇಂತಿಷ್ಟು ಕಾಲದ ವಂತಿಗೆ ಸಂದಿರಬೇಕೆಂಬ ನಿರ್ಬಂಧವಿಲ್ಲ; ಮೊದಲ ದಿನವೇ ಬೆರಳು ಹೋದರೂ ಹಕ್ಕು ಪೂರ್ಣ. ಮಾಲೀಕನು ಹೆಸರನ್ನೇ ನೋಂದಾಯಿಸದೆ ಇದ್ದರೂ, ವಂತಿಗೆ ಸಲ್ಲಬೇಕಾಗಿದ್ದವನೆಂಬ ಕಾರಣದಿಂದಲೇ ಕಾರ್ಮಿಕನು ವಿಮಾದಾರನು. ಇ.ಎಸ್.ಐ. ನಿಗಮವು ಅವನಿಗೆ ಸೌಲಭ್ಯವನ್ನು ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಗಾಯ ಮಾಗುವವರೆಗೆ, ಅಸಾಮರ್ಥ್ಯವು ಅಪಘಾತದ ದಿನವನ್ನು ಬಿಟ್ಟು ಮೂರು ದಿನಗಳಿಗೆ ಕಡಿಮೆಯಾಗದಿದ್ದಲ್ಲಿ, ಸರಾಸರಿ ವೇತನದ ಶೇಕಡಾ 90ರಷ್ಟು ದೊರೆಯುತ್ತದೆ. ಅನಂತರ ವೈದ್ಯಕೀಯ ಮಂಡಳಿಯು ನಿರ್ಧರಿಸುವ ಗಳಿಕೆಯ ಸಾಮರ್ಥ್ಯದ ನಷ್ಟಕ್ಕೆ ಅನುಗುಣವಾಗಿ ಜೀವಾವಧಿ ಮಾಸಾಶನ. ದಿನಕ್ಕೆ ಸರಾಸರಿ 600 ರೂಪಾಯಿ ಕೂಲಿಯಿದ್ದವನು ತೋರುಬೆರಳನ್ನು ಪೂರ್ತಿಯಾಗಿ ಕಳೆದುಕೊಂಡರೆ ನಷ್ಟ ಶೇಕಡಾ 14. ಎಂದರೆ ಮೇಲೆ ಹೇಳಿದ ಶೇಕಡಾ 90ರ ದರದ ಮೇಲೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 76 ರೂಪಾಯಿ. ಅಲ್ಪವೆಂಬುದು ನಿಜ, ಆದರೆ ಆಯುಷ್ಯವಿರುವವರೆಗೂ ಬರತಕ್ಕದ್ದು.

ವಿಮೆಯ ವ್ಯಾಪ್ತಿಗೆ ಹೊರಗಿನವರಿಗೆ, ಎಂದರೆ ನಾಲ್ಕೈದು ಜನರ ಶೆಡ್ಡಿನವರಿಗೂ ಮಿತಿ ಮೀರಿದ ವೇತನದವರಿಗೂ, ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯದ ನಷ್ಟಪರಿಹಾರ. ಗಾಯಗಳ ಪಟ್ಟಿಯೊಂದು ಅದಕ್ಕೆ ಲಗತ್ತಾಗಿದೆ. 1923ರಿಂದ ಬೆಳೆದುಬಂದ ಆ ಪಟ್ಟಿಯನ್ನು ಓದುವುದು ಸುಖಕರವಾದ ಕಾರ್ಯವಲ್ಲ. ಹೆಬ್ಬೆರಳಿಗೆ ಶೇಕಡಾ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗಾಗಲಿ ಕಿರುಬೆರಳಿಗಾಗಲಿ 7, ಒಂದು ಕೈಯ ನಾಲ್ಕೂ ಬೆರಳುಗಳಿಗೆ 50. ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿಹೋದರೆ ತೋರುಬೆರಳಿಗೆ 5. ಲೆಕ್ಕದ ರೀತಿ ಹೀಗೆ: ಮಾಸಿಕ ವೇತನದ ಶೇಕಡಾ 60ನ್ನು ವಯಸ್ಸಿಗೆ ನಿಗದಿಯಾದ ಗುಣಾಂಕದಿಂದ ಗುಣಿಸಿ, ಬಂದುದರಲ್ಲಿ ಗಾಯದ ಶೇಕಡಾಂಶವನ್ನು ತೆಗೆಯುವುದು. 2020ರ ಜನವರಿಯಲ್ಲಿ ಗೊತ್ತುಪಡಿಸಿದ 15,000 ರೂಪಾಯಿಯ ವೇತನಮಿತಿಯನ್ನು ಹಿಡಿದರೆ, ಮೂವತ್ತು ವಯಸ್ಸಿನವನಿಗೆ ಗುಣಾಂಕ 207.98 ಆಗಿರುವುದರಿಂದ, ಪೂರ್ಣ ಅಸಾಮರ್ಥ್ಯಕ್ಕೆ 18,71,820 ರೂಪಾಯಿ. ತೋರುಬೆರಳಿಗೆ ಸುಮಾರು 2,62,055 ರೂಪಾಯಿ. ಚಿಕಿತ್ಸೆಯ ವಾಸ್ತವಿಕ ವೆಚ್ಚವು ಇದರ ಮೇಲೆ ಬೇರೆಯಾಗಿ ಸಲ್ಲಬೇಕು.

ಪಟ್ಟಿಯ ಶೇಕಡಾಂಶವೇ ಅಂತಿಮವೆಂದು ಭಾವಿಸಬೇಕಾಗಿಲ್ಲ. ಎಡಗೈಯನ್ನು ಮೊಣಕೈಯ ಮೇಲ್ಭಾಗದಲ್ಲಿ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದು ಕೈಯಿಂದ ಬಡಗಿಯ ಕೆಲಸ ಸಾಧ್ಯವಿಲ್ಲವಾದುದರಿಂದ ಅದು ಪೂರ್ಣ ಅಸಾಮರ್ಥ್ಯವೇ ಎಂದು ಸರ್ವೋಚ್ಚ ನ್ಯಾಯಾಲಯವು ಪ್ರತಾಪ ನಾರಾಯಣ ಸಿಂಗ್ ದೇವ್ ಎದುರು ಶ್ರೀನಿವಾಸ ಸಬತ ಎಂಬ 1975ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ಪರಿಹಾರವು ಅಪಘಾತದ ದಿನದಿಂದಲೇ ಸಲ್ಲಬೇಕಾದ ಋಣವೆಂದೂ ಹೇಳಿತು. ಆದ್ದರಿಂದ ಉಳಿದ ಬೆರಳುಗಳಿಂದ ಯಂತ್ರವನ್ನು ಹಿಡಿಯಲು ನಿಜವಾಗಿ ಸಾಧ್ಯವೆ ಎಂಬ ಪ್ರಶ್ನೆಯನ್ನು ವೈದ್ಯನ ಸಾಕ್ಷ್ಯದೊಡನೆ ಎತ್ತುವುದು ಆವಶ್ಯಕ. ಒಂದು ತಿಂಗಳೊಳಗೆ ಹಣ ಕೊಡದ ಮಾಲೀಕನ ಮೇಲೆ ಶೇಕಡಾ 12ರ ಬಡ್ಡಿಯೂ, ಸಮರ್ಥನೀಯ ಕಾರಣವಿಲ್ಲದಿದ್ದರೆ ಮೊತ್ತದ ಅರ್ಧದವರೆಗೆ ದಂಡವೂ ಬೀಳುತ್ತದೆ. ಅರ್ಜಿಗೆ ಎರಡು ವರ್ಷಗಳ ಅವಧಿಯುಂಟು. ಗುತ್ತಿಗೆದಾರನ ಮೂಲಕ ಬಂದವನು ಮುಖ್ಯ ಮಾಲೀಕನಿಂದಲೇ ಕೇಳಬಹುದು.

ಎಲ್ಲಕ್ಕಿಂತ ಹೆಚ್ಚು ಮೋಸ ನಡೆಯುವುದು ರಾಜಿಯ ಕಾಗದದಲ್ಲಿ. ಇಪ್ಪತ್ತೋ ಮೂವತ್ತೋ ಸಾವಿರ ಕೈಗಿಟ್ಟು, 'ಇನ್ನು ಯಾವ ಹಕ್ಕೂ ಇಲ್ಲ' ಎಂಬ ಬರಹಕ್ಕೆ ಎಡಗೈಯ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುವ ಪದ್ಧತಿಯು ಕಾನೂನಿನ ಮುಂದೆ ನಿಲ್ಲುವಂಥದಲ್ಲ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಶೂನ್ಯ, ರಾಜಿಯಾದರೂ ಅದು ಪ್ರಾಧಿಕಾರದ ಮುಂದೆ ನೋಂದಣಿಯಾಗಬೇಕು. ಅಂಥ ಕಾಗದಕ್ಕೆ ಈಗಾಗಲೇ ಸಹಿ ಹಾಕಿದವನು ಸಹ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ.

ಸುರಕ್ಷತಾ ಕರ್ತವ್ಯಗಳ ಉಲ್ಲಂಘನೆಯಿಂದ ಗಂಭೀರ ಗಾಯವಾದರೆ ಮಾಲೀಕನಿಗೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ ಎರಡರಿಂದ ನಾಲ್ಕು ಲಕ್ಷ ರೂಪಾಯಿಗಳ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಾಗದ ಭಾಗವನ್ನು ಗಾಯಗೊಂಡವನಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಯಂತ್ರದ ವಿಷಯದ ಅಜಾಗರೂಕತೆಯು ಭಾರತೀಯ ನ್ಯಾಯ ಸಂಹಿತೆಯ 289ನೆಯ ಕಲಮಿನಲ್ಲಿಯೂ ಅಪರಾಧ. ಪೊಲೀಸು ಠಾಣೆಗೆ ಹೋಗಲು ಯಾರ ಅಪ್ಪಣೆಯೂ ಬೇಡ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಕೈಗಾರಿಕಾ ಕಾರ್ಮಿಕನು ಉಚಿತ ಕಾನೂನು ನೆರವಿಗೆ ಅರ್ಹನು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಾಗಲಿ, ತಾಲ್ಲೂಕು ಸಮಿತಿಯಲ್ಲಾಗಲಿ ಅರ್ಜಿ ಕೊಡಬಹುದು. ಪರಿಹಾರದ ಅರ್ಜಿಯನ್ನು ಯಾವ ಪ್ರಾಧಿಕಾರದ ಮುಂದೆ ಹಾಕಬೇಕೆಂಬುದನ್ನೂ ಅವರೇ ತಿಳಿಸುವರು. ದೂರವಾಣಿಯ ಸಂಖ್ಯೆ 15100. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಆ ಸಂಖ್ಯೆಗೆ ಕರೆ ಮಾಡಿ.