ಕರಿಬೇವು: ಗಿಡದ ಗುರುತು ಮತ್ತು ಎರೆಸೀಮೆಯಲ್ಲಿ ಅದರ ಸಾಗುವಳಿ

ಕರಿಬೇವು ಬೇವಿನ ಜಾತಿಯದಲ್ಲ. ಹೆಸರಿನ ಸಾಮ್ಯದಿಂದ ಹಾಗೆ ತೋರುವದಾದರೂ ಅದು ಲಿಂಬೆ, ಮಾದಲ, ಬಿಲ್ವ ಇವುಗಳ ಕುಟುಂಬಕ್ಕೆ ಸೇರಿದ, ಹೂ ಬಿಡುವ ಪೊದೆಗಿಡವು. ಮನಗೂಳಿಯ ಸುತ್ತಲೂ, ಇಂಡಿ ಸಿಂದಗಿಗಳ ಕಡೆಗೂ ಲಿಂಬೆಯ ತೋಟವುಳ್ಳವರು ಈ ಸಂಬಂಧವನ್ನು ಮರೆಯಬಾರದು. ಅದರ ಕಾರಣವು ಮುಂದೆ ತಿಳಿಯುವದು.

1768ರಲ್ಲಿ ತರಂಗಂಬಾಡಿಗೆ ಬಂದ ಕೋನಿಗ್ ಎಂಬ ವೈದ್ಯನ ಹೆಸರನ್ನು ಲಿನೇಯಸನು 1771ರಲ್ಲಿ ಈ ಗಿಡಕ್ಕಿಟ್ಟು ಬರ್ಗೇರಾ ಕೋನಿಗೀ ಎಂದು ಕರೆದನು. ನಡುವೆ ಬಹುಕಾಲ ಅದನ್ನು ಮುರ್ರಾಯಾ ಗಣದಲ್ಲಿ ಎಣಿಸಿ, ಈಚೆಗೆ ಶಾಸ್ತ್ರಜ್ಞರು ಮತ್ತೆ ಮೊದಲಿನ ಹೆಸರಿಗೇ ಬಂದಿರುತ್ತಾರೆ. ಈ ವ್ಯಾಜ್ಯದಿಂದ ಒಕ್ಕಲಿಗನಿಗೆ ಆಗಬೇಕಾದುದೇನೂ ಇಲ್ಲ. ಸಸಿ ಕೊಳ್ಳುವಾಗ ಮೋಸಹೋಗದಿರುವದೇ ಅವನಿಗೆ ಮುಖ್ಯವು.

ಕರಿಬೇವಿನ ಒಂದು ಕಡ್ಡಿಯಲ್ಲಿ 11 ರಿಂದ 21ರ ವರೆಗೆ ಕಿರಿಯ ಎಲೆಗಳಿರುವವು. ಒಂದೆಲೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಸೂಜಿಮೊನೆಯಷ್ಟು ತಿಳಿಯಾದ ಚುಕ್ಕೆಗಳು ಕಾಣುವವು. ಇವು ಎಣ್ಣೆಯ ಚೀಲಗಳು. ಲಿಂಬೆಯ ಎಲೆಯಲ್ಲಿಯೂ ಇವೆ, ಬೇವಿನ ಎಲೆಯಲ್ಲಿ ಇಲ್ಲ. ಬೇವಿನೆಲೆಯ ಅಂಚು ಗರಗಸದಂತೆ ಸ್ಪಷ್ಟವಾಗಿ ಕಚ್ಚುಕಚ್ಚಾಗಿರುವದು. ಕರಿಬೇವಿನ ಹೂಗಳು ಸಣ್ಣವು, ಬಿಳಿಯವು, ಐದು ಎಸಳಿನವು. ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬಿಡುವವು. ಕಾಯಿ ಹಣ್ಣಾದಾಗ ಕಪ್ಪಾಗುವದು. ತೋಟಗಾರರು ಕಾಮಿನಿಯೆಂದು ಮಾರುವ ಗಿಡವು ಇದರ ಸಮೀಪದ ಬಂಧುವು. ಅದರ ಕಡ್ಡಿಗೆ ಎಲೆಗಳು ಕಡಿಮೆ, ಹೂ ದೊಡ್ಡದು, ಪರಿಮಳ ಹೆಚ್ಚು, ಹಣ್ಣು ಕೆಂಪು. ಅಡಿಗೆಗೆ ಅದು ಬಾರದು.

ಹಣ್ಣನ್ನು ಹಿಸುಕಿ ತಿರುಳು ತೊಳೆದು, ಬೀಜವನ್ನು ಕೂಡಲೇ ನೆರಳಿನ ಮಡಿಯಲ್ಲಿ ಊರಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜವು ಮೊಳೆಯುವದಿಲ್ಲ. ಹಳೆಯ ಗಿಡದ ಬೇರಿನಿಂದೆದ್ದ ಮರಿಗಳನ್ನು ಮಳೆಗಾಲದಲ್ಲಿ ಬೇರುಸಹಿತ ಕಿತ್ತು ಹಚ್ಚುವದೂ ಉಂಟು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಎರಡು ತಳಿಗಳಲ್ಲಿ ಡಿ.ಡಬ್ಲ್ಯು.ಡಿ. 1 ಎಂಬುದು ಚಳಿಗಾಲದಲ್ಲಿ ಚಿಗುರಲು ಹಿಂಜರಿಯುವದು, ಡಿ.ಡಬ್ಲ್ಯು.ಡಿ. 2ಕ್ಕೆ ಈ ದೋಷವಿಲ್ಲ.

ನೀರು ಬಸಿದುಹೋಗುವ ಮಸಾರಿ ಭೂಮಿಯು ಇದಕ್ಕೆ ಉತ್ತಮ. ಆಳವಾದ ಎರೆಭೂಮಿಯಲ್ಲಿ ಜೋಳವು ಚೆನ್ನಾಗಿ ಬೆಳೆದರೂ ಕರಿಬೇವಿನ ಬೇರು ನಿಂತ ನೀರಿನಲ್ಲಿ ಕೊಳೆಯುವದು. ಎರೆಯ ಹೊರತು ಬೇರೆ ನೆಲವಿಲ್ಲದವರು ಏರುಮಡಿ ಕಟ್ಟಿ, ಬದಿಗೆ ಬಸಿಗಾಲುವೆ ತೆಗೆದು ಅದರ ಮೇಲೆ ಹಚ್ಚಬೇಕು. ಡೋಣಿಯ ಉಪ್ಪುನೀರನ್ನು ಹಾಯಿಸಬಾರದು. ಒಂದೂವರೆ ಅಡಿಯ ಕುಣಿಗೆ ತಿಪ್ಪೆಗೊಬ್ಬರ ತುಂಬಿ, ನಾಲ್ಕು ಅಡಿಗೊಂದು ಸಸಿ ಹಚ್ಚಿ, ಅದು ಮೂರಡಿ ಬೆಳೆದೊಡನೆ ತುದಿ ಚಿವುಟಿ ಐದಾರು ಕೊಂಬೆ ಬಿಡಬೇಕು. ಎಲೆಯ ಸಲುವಾಗಿ ಬೆಳೆಸುವವರು ಹೂಗೊಂಚಲನ್ನು ತೆಗೆದುಹಾಕುವದು ಲೇಸು. ವರ್ಷ ಕಳೆದ ಮೇಲೆ ಕೊಯ್ಲು ಆರಂಭವಾಗುವದು.

ಇನ್ನು ಲಿಂಬೆಯ ಮಾತು. ಸಿಲ್ಲಾ ಎಂಬ ಸಣ್ಣ ಕೀಟವು ಕರಿಬೇವು, ಕಾಮಿನಿ, ಲಿಂಬೆ ಈ ಮೂರರ ಚಿಗುರಿನಲ್ಲಿಯೂ ಮೊಟ್ಟೆಯಿಡುವದು. ಅದರ ಮೈ ಕಂದು ಮಚ್ಚೆಯದು. ರಸ ಹೀರುವಾಗ ಹಿಂಭಾಗವನ್ನು ಮೇಲಕ್ಕೆತ್ತಿ ಕುಳಿತಿರುವದರಿಂದ ಗುರುತಿಸುವದು ಸುಲಭ. ರೋಗಿಷ್ಠ ಲಿಂಬೆಯ ರಸ ಕುಡಿದ ಕೀಟವು ಗ್ರೀನಿಂಗ್ ಎಂಬ ರೋಗವನ್ನು ಇನ್ನೊಂದು ಗಿಡಕ್ಕೆ ಒಯ್ಯುವದು. ಈ ರೋಗ ತಗಲಿದ ಗಿಡದ ಎಲೆ ಮಚ್ಚೆಮಚ್ಚೆಯಾಗಿ ಹಳದಿಗೊಂಡು, ಕಾಯಿ ಓರೆಯಾಗಿ, ಗಿಡವು ಕ್ರಮೇಣ ಕ್ಷೀಣಿಸುವದು, ಗುಣಪಡಿಸುವ ಔಷಧವಿಲ್ಲ. ಆದುದರಿಂದ ಲಿಂಬೆಯ ತೋಟಕ್ಕೆ ಪರಿಮಳದ ಆಸೆಯಿಂದ ಕಾಮಿನಿಯ ಬೇಲಿ ಹಾಕಿಸುವದು ಸರ್ವಥಾ ಕೂಡದು. ಕರಿಬೇವನ್ನು ಲಿಂಬೆಯ ಸಾಲುಗಳ ನಡುವೆ ಹಚ್ಚದೆ, ಮನೆಯ ಹಿತ್ತಲಲ್ಲಿ ಅಥವಾ ದೂರದ ಹೊಲದಲ್ಲಿ ಬೆಳೆಸಬೇಕು. ಈಗಾಗಲೇ ಹಚ್ಚಿದ್ದರೆ ಪ್ರತಿ ಚಿಗುರಿನ ಕಾಲದಲ್ಲಿ ಪರೀಕ್ಷಿಸಿ, ಕೀಟ ಹತ್ತಿದ ತುದಿಗಳನ್ನು ಕತ್ತರಿಸಿ ಸುಡಬೇಕು. ಎಲೆ ತಿನ್ನುವ ಹಸಿರು ಹುಳವನ್ನು ಕೈಯಿಂದಲೇ ಆರಿಸುವದು. ಹಸಿಯಾಗಿ ಒಗ್ಗರಣೆಗೆ ಬೀಳುವ ಎಲೆಗೆ ವಿಷೌಷಧ ಸಿಂಪಡಿಸಿ ಮರುದಿನವೇ ಸಂತೆಗೆ ಒಯ್ಯಲಾಗದು.