ದರೋಜಿ ಈರಮ್ಮ ಮತ್ತು ಏಳು ಸಾವಿರ ಪುಟಗಳ ನೆನಪು

ದರೋಜಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಕರಡಿಧಾಮ. ಸಂಡೂರು ತಾಲ್ಲೂಕಿನ ಅದೇ ದರೋಜಿಯ ಹೆಸರನ್ನು ನಾಡಿಗೆಲ್ಲ ತಿಳಿಸಿದವರು ಒಬ್ಬ ಹಾಡುಗಾರ್ತಿ. ಅವರೇ ಬುರ್ರಕಥಾ ಈರಮ್ಮ. ನಮ್ಮ ಮಲಪನಗುಡಿಗೆ ಇಷ್ಟು ಹತ್ತಿರದವರಾದರೂ ಅವರ ವಿಷಯ ಗೊತ್ತಿರುವ ವಿದ್ಯಾರ್ಥಿಗಳು ಕಡಿಮೆ. ಅದಕ್ಕೇ ಈ ಲೇಖನ.

ಈರಮ್ಮ 1930ರಲ್ಲಿ ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದರು. ಊರೂರು ತಿರುಗಿ ಕಥೆ ಹಾಡುವುದೇ ಈ ಜನರ ಕಸುಬು. ಬುರ್ರ ಎಂದರೆ ತೆಲುಗಿನಲ್ಲಿ ಬುರುಡೆ. ವಾದ್ಯದ ಟೊಳ್ಳು ಬುರುಡೆಯಿಂದಲೇ ಈ ಕಲೆಗೆ ಬುರ್ರಕಥೆ ಎಂಬ ಹೆಸರು ಬಂದಿದೆ. ಮುಖ್ಯ ಗಾಯಕಿ ಒಂದಷ್ಟು ಹಾಡುತ್ತಾರೆ, ಒಂದಷ್ಟು ಮಾತಿನಲ್ಲಿ ಹೇಳುತ್ತಾರೆ, ಹಿಮ್ಮೇಳದವರು ದನಿಗೂಡಿಸುತ್ತಾರೆ. ಈರಮ್ಮನವರಿಗೆ ಮನೆಯ ಹೆಂಗಸರೇ ಹಿಮ್ಮೇಳ. ದೊಡ್ಡ ಕಥೆಯಾದರೆ ಮುಗಿಯಲು ದಿನಗಟ್ಟಲೆ ಬೇಕು.

ಬುಡ್ಗ ಜಂಗಮರ ಮನೆಮಾತು ತೆಲುಗು, ಆದರೆ ಈರಮ್ಮ ದೊಡ್ಡ ಹೆಸರು ಮಾಡಿದ್ದು ಕನ್ನಡದಲ್ಲಿ. ಮನೆಯಲ್ಲಿ ಉರ್ದು ಮಾತಾಡಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವ ನನಗೆ ಇದು ತುಂಬಾ ಹಿಡಿಸಿತು.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ 12 ಜನಪದ ಮಹಾಕಾವ್ಯಗಳು ಬಾಯಲ್ಲೇ ಇದ್ದವು. ಅಚ್ಚು ಹಾಕಿದರೆ ಅವೆಲ್ಲ ಸೇರಿ ಸುಮಾರು 7,000 ಪುಟ ಆಗುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ನಾನು ಕಾಮರ್ಸ್ ವಿದ್ಯಾರ್ಥಿ, ಹಾಗಾಗಿ ನನ್ನದೂ ಒಂದು ಲೆಕ್ಕ: 200 ಪುಟದ ನೋಟ್‌ಬುಕ್ಕುಗಳಾದರೆ 35 ಬೇಕು. ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಕಣ್ಣಿಗೆ ಕಾಣದ ಆಸ್ತಿಗೂ ಬೆಲೆ ಕಟ್ಟುತ್ತೇವೆ. ಈ 35 ನೋಟ್‌ಬುಕ್ಕುಗಳನ್ನು ಯಾವ ಕಾಲಂನಲ್ಲಿ ತೋರಿಸುವುದೋ ನನಗಂತೂ ತಿಳಿಯಲಿಲ್ಲ.

ಅವರು ಹಾಡುತ್ತಿದ್ದ ಕಾವ್ಯಗಳಲ್ಲಿ ನಮಗೆ ತೀರಾ ಹತ್ತಿರದ್ದು ಕುಮಾರರಾಮನ ಕಥೆ. ಅವನು ಕಂಪಿಲಿಯ ರಾಜಕುಮಾರ, ಅಂದರೆ ನಮ್ಮ ಕಂಪ್ಲಿಯವನು. ಕಥೆ ಹೀಗಿದೆ: ಚೆಂಡು ತರಲು ಹೋದ ಕುಮಾರರಾಮನಿಗೆ ಮಲತಾಯಿ ರತ್ನಾಜಿ ಮನಸೋಲುತ್ತಾಳೆ. ಅವನು ಒಪ್ಪುವುದಿಲ್ಲ. ಅವಳು ಅವನ ಮೇಲೆಯೇ ದೂರು ಹೇಳುತ್ತಾಳೆ. ತಂದೆ ತಲೆ ಕಡಿಯಲು ಆಜ್ಞೆ ಮಾಡುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಬಚ್ಚಿಡುತ್ತಾನೆ. ದಿಲ್ಲಿಯ ಸೈನ್ಯ ಬಂದಾಗ ಅವನು ಹೊರಗೆ ಬಂದು ಹೋರಾಡುತ್ತಾನೆ. ಇದನ್ನು ಓದಿದಾಗ ನನಗೆ ದಾದಿ ಹೇಳುತ್ತಿದ್ದ ಯೂಸುಫ್ ಮತ್ತು ಜುಲೇಖಾರ ಕಥೆ ನೆನಪಾಯಿತು. ತಪ್ಪು ಮಾಡದವನ ಮೇಲೆ ಅದೇ ಆರೋಪ.

ದಿಲ್ಲಿಯ ತುರುಕರ ಜೊತೆ ಯುದ್ಧ ಎಂದ ಕೂಡಲೇ ಇದು ಎರಡು ಧರ್ಮಗಳ ಜಗಳ ಎಂದು ಕೆಲವರು ತಿಳಿಯುತ್ತಾರೆ. ಇತಿಹಾಸ ನೋಡಿದರೆ ಹಾಗಿಲ್ಲ. ಮಹಮ್ಮದ್ ಬಿನ್ ತುಘಲಕನ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಸುಲ್ತಾನನ ವಿರುದ್ಧ ದಂಗೆ ಎದ್ದು, ಸೋತು, ಕಂಪಿಲಿಯ ರಾಜನ ಆಶ್ರಯಕ್ಕೆ ಬಂದ. ರಾಜ ಅವನನ್ನು ಒಪ್ಪಿಸಲಿಲ್ಲ. 1327ರ ಸುಮಾರಿಗೆ ಕಂಪಿಲಿ ರಾಜ್ಯ ನಾಶವಾದದ್ದು ಇದೇ ಕಾರಣಕ್ಕೆ. ಕೆಲವು ವರ್ಷಗಳ ಮೇಲೆ ಭಾರತಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ ಇದನ್ನು ವಿವರವಾಗಿ ಬರೆದಿದ್ದಾನೆ. ತನ್ನ ಅಂತ್ಯ ಹತ್ತಿರ ಬಂದಾಗ ರಾಜ ಆ ಅತಿಥಿಯನ್ನು ಇನ್ನೊಬ್ಬ ರಾಜನ ಬಳಿಗೆ ಕಳುಹಿಸಿ, ಆಮೇಲೆ ತಾನು ಹೋರಾಡಿ ಸತ್ತ. ಆ ಇನ್ನೊಬ್ಬ ರಾಜ, ಹೊಯ್ಸಳ ಬಲ್ಲಾಳ, ಅತಿಥಿಯನ್ನು ಸುಲ್ತಾನನಿಗೆ ಒಪ್ಪಿಸಿಬಿಟ್ಟ. ಒಬ್ಬ ಮುಸ್ಲಿಂ ಅತಿಥಿಗಾಗಿ ನಮ್ಮ ಕಂಪ್ಲಿಯ ರಾಜ ರಾಜ್ಯವನ್ನೇ ಕಳೆದುಕೊಂಡ ಎಂಬುದನ್ನು ನಮ್ಮ ಕಾಲೇಜಿನಲ್ಲಿ ಎಲ್ಲರೂ ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ.

ಇಂಥ ಹಾಡುಗಾರರು ಬೇರೆ ದೇಶಗಳಲ್ಲೂ ಇದ್ದಾರೆ. ಮೆಕ್ಸಿಕೋದಲ್ಲಿ ಕೊರಿಡೊ ಎಂಬ ಕಥನ ಹಾಡುಗಳಿವೆ. 1910ರ ಕ್ರಾಂತಿಯ ಕಾಲದಲ್ಲಿ ಓದು ಬಾರದ ಜನರಿಗೆ ಇವೇ ಪತ್ರಿಕೆಯಾಗಿದ್ದವು. ಪಾಂಚೋ ವಿಲ್ಲಾನಂಥ ವೀರರ ಕಥೆ ಹಾಡಿನಲ್ಲೇ ಊರಿಂದ ಊರಿಗೆ ಹೋಯಿತು. ಕೊರಿಡೊ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ, ಈರಮ್ಮನವರದು ಅಷ್ಟು ಬೇಗ ಮುಗಿಯುವುದಲ್ಲ.

ಈರಮ್ಮನವರಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಶಾಲೆಯ ಓದಿಲ್ಲದ ಹೆಣ್ಣುಮಗಳಿಗೆ ವಿಶ್ವವಿದ್ಯಾಲಯದ ಗೌರವ! ತಮ್ಮ ಜನರ ಮಕ್ಕಳು ಓದಬೇಕು ಎಂದು ಅವರು ಕೆಲಸ ಮಾಡಿದರು, ಬುರ್ರಕಥೆ ಉಳಿಸಲು ಕಲಾವಿದರನ್ನೂ ಒಟ್ಟುಗೂಡಿಸಿದರು. ಇಲ್ಲೊಂದು ಕಷ್ಟ ಇದೆ. ಮಕ್ಕಳು ಶಾಲೆಗೆ ಹೋದರೆ ರಾತ್ರಿಯೆಲ್ಲ ಕೂತು ಕಥೆ ಕಲಿಯುವುದು ಯಾವಾಗ? ಕಲಿತರೂ ಅದರಿಂದ ಹೊಟ್ಟೆ ತುಂಬುತ್ತದೆಯೇ? ಈರಮ್ಮ ಎರಡೂ ಬೇಕೆಂದರು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ನಮ್ಮ ದಖ್ಖನಿ ಉರ್ದುವಿನಲ್ಲೂ ಚಕ್ಕಿನಾಮಾ ಎಂಬ ಹಾಡುಗಳಿವೆ. ಹಿಂದೆ ವಿಜಯಪುರದ ಕಡೆ ಸೂಫಿಗಳು ಕಟ್ಟಿದ್ದನ್ನು ಹೆಂಗಸರು ಬೀಸುವಾಗ ಹಾಡುತ್ತಿದ್ದರು. ದಾದಿಯನ್ನು ಕೇಳಿದೆ, ಅವರಿಗೂ ಬೀಸುವ ಹಾಡುಗಳು ಕೆಲವು ಬರುತ್ತವೆ. ಬೀಸುಕಲ್ಲು ಈಗ ಮನೆಯ ಹಿತ್ತಲಲ್ಲಿ ಮಗುಚಿ ಬಿದ್ದಿದೆ. ಅದು ಇಲ್ಲದೆ ಸಾಲು ನೆನಪಾಗುವುದಿಲ್ಲ ಎನ್ನುತ್ತಾರೆ, ಕೈಯನ್ನು ಗಾಳಿಯಲ್ಲೇ ತಿರುಗಿಸಿ ಹಾಡುತ್ತಾರೆ. ಇಲ್ಲಿಯವರೆಗೆ ಮೂರು ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ.