ಹಳೆಯ ಸೈಕಲ್ ದುರಸ್ತಿಗೆ ಯೋಗ್ಯವೇ? – ಎಂಟನೇ ತರಗತಿಯ ‘ಘರ್ಷಣೆ’ ಪಾಠದ ಒಂದು ಅನುಭವ

ಹಿನ್ನೆಲೆ

ಮೂರನೇ ಸೆಮಿಸ್ಟರಿನ ಶಾಲಾ ಇಂಟರ್ನ್‌ಶಿಪ್‌ಗಾಗಿ ನನಗೆ ಖಾನಾಪುರದ ಒಂದು ಪ್ರೌಢಶಾಲೆಯನ್ನು ಹಂಚಲಾಗಿತ್ತು. ನಾನು ಇರುವುದು ಬೆಳಗಾವಿ ನಗರದಲ್ಲಿ. ಎರಡರ ನಡುವಿನ ದೂರ ಸುಮಾರು 26 ಕಿ.ಮೀ. ಬಸ್ಸಿನ ನೂಕುನುಗ್ಗಲಿಗೆ ಬೇಸತ್ತು, ವಾರಕ್ಕೆ ಎರಡು ದಿನವಾದರೂ ಸೈಕಲ್ ಮೇಲೆ ಹೋಗಬೇಕೆಂದು ಬೆಳಗಾವಿಯಲ್ಲಿ ಒಂದು ಹಳೆಯ ರೋಡ್ ಬೈಕನ್ನು 3,500 ರೂಪಾಯಿಗೆ ಕೊಂಡೆ. ಬಾಗಿದ ಹ್ಯಾಂಡಲ್, ತೆಳು ಟೈರು, ಮುಂದೆ ಎರಡು ಮತ್ತು ಹಿಂದೆ ಏಳು ಹಲ್ಲುಗಾಲಿಗಳ ಸೈಕಲ್ ಅದು. ಬಣ್ಣ ಮಾಸಿತ್ತು, ಚೈನು ತುಕ್ಕು ಹಿಡಿದಿತ್ತು, ಬ್ರೇಕ್ ರಬ್ಬರು ಕಲ್ಲಿನಂತಾಗಿತ್ತು. ಆದರೂ ‘ಸ್ವಲ್ಪ ಖರ್ಚು ಮಾಡಿದರೆ ಸರಿಹೋಗುತ್ತದೆ’ ಎಂಬ ನಂಬಿಕೆ ನನಗಿತ್ತು.

ಅದೇ ವಾರ ಎಂಟನೇ ತರಗತಿಗೆ ‘ಘರ್ಷಣೆ’ ಘಟಕ ಬೋಧಿಸಬೇಕಿತ್ತು. ಬ್ರೇಕ್, ಟೈರಿನ ಗೆರೆ, ಬಾಲ್ ಬೇರಿಂಗ್, ಎಣ್ಣೆ ಹಾಕುವುದು, ಸವೆತ – ಈ ಘಟಕದ ಬಹುಪಾಲು ಉದಾಹರಣೆಗಳು ಒಂದೇ ಸೈಕಲ್ಲಿನಲ್ಲಿ ಸಿಗುತ್ತವೆ. ಆದ್ದರಿಂದ ಸೈಕಲ್ಲನ್ನೇ ಬೋಧನೋಪಕರಣವಾಗಿ ಮಾಡಿ, ‘ಈ ಸೈಕಲ್ ದುರಸ್ತಿಗೆ ಯೋಗ್ಯವೇ?’ ಎಂಬ ಒಂದೇ ಪ್ರಶ್ನೆಯ ಸುತ್ತ 40 ನಿಮಿಷಗಳ ಎರಡು ಅವಧಿಗಳ ಪಾಠ ಯೋಜನೆ ತಯಾರಿಸಿದೆ.

ಇಲ್ಲಿ ಒಂದು ತಪ್ಪನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಯೋಜನೆಯ ಕೊನೆಯಲ್ಲಿ, ‘ವಿದ್ಯಾರ್ಥಿಗಳು ಸೈಕಲ್ ದುರಸ್ತಿಗೆ ಯೋಗ್ಯ ಎಂಬ ತೀರ್ಮಾನಕ್ಕೆ ಬರುವರು’ ಎಂದು ಬರೆದಿದ್ದೆ. ಪಾಠ ನಡೆಯುವ ಮೊದಲೇ ತೀರ್ಮಾನವನ್ನು ನಾನೇ ಕೊಟ್ಟುಬಿಟ್ಟಿದ್ದೆ.

ಪೀಠಿಕೆ

ಪೀಠಿಕೆಗೆ ಸ್ಥಳೀಯ ಸಂಗತಿಯೊಂದನ್ನು ಬಳಸಿದೆ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆಯ ಹೆಸರು ಎಲ್ಲಿಂದ ಬಂತು ಎಂದು ಕೇಳಿದಾಗ ಮಕ್ಕಳು ‘ಪಂಪ್‌ಸೆಟ್’ ಎಂದರು. ಮುಂಬೈನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬೋಧಕರಾಗಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಉದ್ಯಮ 1888ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಆರಂಭವಾಯಿತು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದದ್ದು ಆಮೇಲೆ. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು ಎಂದು ತಿಳಿಸಿದೆ. ಪಾಠ ಹೇಳುತ್ತಿದ್ದವರು ಸೈಕಲ್ ಬಿಚ್ಚಿ ಜೋಡಿಸುವ ಕೆಲಸಕ್ಕೆ ಇಳಿದಿದ್ದರು ಎಂಬುದು ಮಕ್ಕಳಿಗೆ ಹಿಡಿಸಿತು. ಅನಂತರ ಸೈಕಲ್ಲನ್ನು ತರಗತಿಯ ಒಳಗೆ ತಂದು ತಲೆಕೆಳಗಾಗಿ ನಿಲ್ಲಿಸಿದೆ.

ಮೊದಲ ಅವಧಿ: ಸವೆತವನ್ನು ಅಳೆಯುವುದು

ಮೂವತ್ತೆರಡು ವಿದ್ಯಾರ್ಥಿಗಳನ್ನು ನಾಲ್ಕು ಗುಂಪು ಮಾಡಿ ಚೈನು, ಚಕ್ರ, ಬ್ರೇಕ್ ಮತ್ತು ಚೌಕಟ್ಟನ್ನು ಹಂಚಿದೆ.

ಚೈನಿನ ಗುಂಪಿನ ಕೆಲಸದಿಂದ ತರಗತಿಗೆ ಹೆಚ್ಚು ಲಾಭವಾಯಿತು. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹೊಸ ಚೈನಿನಲ್ಲಿ ಇಂಥ 24 ಅಂತರಗಳು ಸರಿಯಾಗಿ 304.8 ಮಿ.ಮೀ. ಆಗಬೇಕು. ಮಕ್ಕಳ 30 ಸೆಂ.ಮೀ. ಸ್ಕೇಲ್ ಸಾಲದೆ ಹೋದುದರಿಂದ ಉಕ್ಕಿನ ಟೇಪ್ ಕೊಟ್ಟೆ. ನನ್ನ ಚೈನಿನ ಅಳತೆ 308 ಮಿ.ಮೀ. ಬಂತು. ಹೆಚ್ಚಿದ್ದು 3.2 ಮಿ.ಮೀ., ಅಂದರೆ ಶೇ. 1ಕ್ಕಿಂತ ತುಸು ಹೆಚ್ಚು.

‘ಚೈನು ಹಿಗ್ಗೈತ್ರಿ’ ಎಂದು ಇಡೀ ಗುಂಪು ಹೇಳಿತು. ‘ಕಬ್ಬಿಣ ರಬ್ಬರಿನ ಹಾಗೆ ಹಿಗ್ಗುತ್ತದೆಯೇ?’ ಎಂದು ಕೇಳಿದೆ. ಒಂದು ತುಂಡು ಚೈನನ್ನು ಕೈಯಲ್ಲಿ ಅಲುಗಾಡಿಸಿ ನೋಡಿದ ಮೇಲೆ, ಪಟ್ಟಿಗಳು ಉದ್ದವಾಗಿಲ್ಲ, ಪಿನ್ನು ಮತ್ತು ಅದು ತಿರುಗುವ ತೂತು ಸವೆದಿವೆ ಎಂದು ಅವರೇ ಕಂಡುಕೊಂಡರು. 3.2ನ್ನು 24ರಿಂದ ಭಾಗಿಸಿದಾಗ ಒಂದೊಂದು ಕೀಲಿನ ಸವೆತ ಸುಮಾರು 0.13 ಮಿ.ಮೀ. ಮಾತ್ರ. ಕಣ್ಣಿಗೆ ಕಾಣದ ಸವೆತ 24 ಸಲ ಕೂಡಿದಾಗ ಟೇಪಿನಲ್ಲಿ ಕಾಣುತ್ತದೆ. ಶೇ. 0.5 ದಾಟಿದರೆ ಚೈನು ಬದಲಿಸುವುದು ಒಳ್ಳೆಯದು, ಶೇ. 1 ದಾಟಿದರೆ ಅದು ಹಲ್ಲುಗಾಲಿಗಳನ್ನೂ ಸವೆಸಿರುವ ಸಂಭವ ಹೆಚ್ಚು, ಹೊಸ ಚೈನು ಹಾಕಿದರೂ ಹಳೆಯ ಹಲ್ಲಿನ ಮೇಲೆ ಜಾರುತ್ತದೆ ಎಂದು ವಿವರಿಸಿದೆ.

ಖಾನಾಪುರದ ಈ ಶಾಲೆಯಲ್ಲಿ ಅನೇಕರ ಮನೆಮಾತು ಮರಾಠಿ. ‘ಘರ್ಷಣೆ’ ಅವರಿಗೆ ಕಷ್ಟವಾಗಲಿಲ್ಲ, ಮರಾಠಿಯಲ್ಲೂ ‘ಘರ್ಷಣ’. ‘ತುಕ್ಕು’ ಎಂದಾಗ ಕೆಲವರು ಸುಮ್ಮನಾದರು. ಪಕ್ಕದವನು ‘ಗಂಜ’ ಎಂದೊಡನೆ ಮುಖ ಅರಳಿತು. ಎರಡೂ ಪದಗಳನ್ನು ಹಲಗೆಯ ಮೇಲೆ ಬರೆದೆ.

ಕೊನೆಯ ಹತ್ತು ನಿಮಿಷ ಖರ್ಚಿನ ಲೆಕ್ಕ. ನಾನು ಅಂಗಡಿಯಲ್ಲಿ ವಿಚಾರಿಸಿ ತಂದಿದ್ದ ದರ ಇಂತಿದ್ದವು: ಟೈರು ಎರಡಕ್ಕೆ 1,300, ಟ್ಯೂಬು 300, ಚೈನು 350, ಹಿಂದಿನ ಹಲ್ಲುಗಾಲಿ 450, ಬ್ರೇಕ್ ರಬ್ಬರು 200, ಕೇಬಲ್ 150, ಕೂಲಿ 500. ಒಟ್ಟು 3,250 ರೂಪಾಯಿ. ಕೊಂಡ ಬೆಲೆ 3,500 ಸೇರಿಸಿ 6,750 ಎಂದು ಹಲಗೆಯ ಮೇಲೆ ಬರೆದು, ‘ಈಗಾಗಲೇ 3,500 ಹಾಕಿದ್ದೇನೆ. ದುರಸ್ತಿ ಮಾಡಿಸದಿದ್ದರೆ ಅದು ವ್ಯರ್ಥವಾಗುವುದಿಲ್ಲವೇ?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸರ್, ಆ ರೊಕ್ಕ ಹೋತಲ್ರಿ. ಮಾಡ್ಸಿದ್ರೂ ಬರಂಗಿಲ್ಲ, ಬಿಟ್ರೂ ಬರಂಗಿಲ್ಲ. ಅದನ್ನ್ಯಾಕ ಕೂಡಸ್ತೀರಿ?’

ನನ್ನ ಬಳಿ ಉತ್ತರವಿರಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಖರ್ಚಾಗಿ ಹೋದ ಹಣ ಮುಂದಿನ ತೀರ್ಮಾನದ ಲೆಕ್ಕಕ್ಕೆ ಬರಬಾರದು. ಇನ್ನು ಹಾಕಬೇಕಾದ 3,250ಕ್ಕೆ ಏನು ಸಿಗುತ್ತದೆ ಎಂಬುದೇ ಪ್ರಶ್ನೆ. 3,500ನ್ನು ಹಲಗೆಯಿಂದ ಅಳಿಸಿದೆ.

ಎರಡನೇ ಅವಧಿ: ಸೀಮೆಸುಣ್ಣದ ಪರೀಕ್ಷೆ

ಮರುದಿನ ಚೌಕಟ್ಟಿನ ಗುಂಪಿನ ವರದಿ. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ಕಡಿಮೆ ಕೆಲಸದ ಗುಂಪು. ಅದಕ್ಕೇ ಕೊನೆಗೆ ಇಟ್ಟಿದ್ದೆ. ಅವರು ಆಯಸ್ಕಾಂತ ಹಿಡಿದು ಚೌಕಟ್ಟು ಉಕ್ಕಿನದೆಂದು ಹೇಳಿದರು. ಬಳಿಕ ದಾರದ ಪರೀಕ್ಷೆ ಮಾಡಿದರು. ಹಿಂಚಕ್ರದ ಅಚ್ಚಿನ ಬಲತುದಿಗೆ ದಾರ ಕಟ್ಟಿ, ಹ್ಯಾಂಡಲ್ ಕೂರುವ ಕೊಳವೆಯ ಮುಂದಿನಿಂದ ಸುತ್ತಿ ತಂದು ಎಡತುದಿಗೆ ಬಿಗಿಯಬೇಕು. ಚೌಕಟ್ಟು ನೆಟ್ಟಗಿದ್ದರೆ ಸೀಟಿನ ಕೊಳವೆಯಿಂದ ದಾರಕ್ಕಿರುವ ಅಂತರ ಎರಡೂ ಕಡೆ ಒಂದೇ ಇರುತ್ತದೆ. ನನ್ನ ಸೈಕಲ್ಲಿನಲ್ಲಿ ಒಂದು ಕಡೆ 28, ಇನ್ನೊಂದು ಕಡೆ 33 ಮಿ.ಮೀ. ಇತ್ತು.

ಆಗ ಒಬ್ಬ ಹುಡುಗಿ, ಹ್ಯಾಂಡಲ್ ಕೊಳವೆಗೆ ಕೆಳಕೊಳವೆ ಸೇರುವಲ್ಲಿ ಅಡಿಭಾಗದ ಬಣ್ಣ ಸುಕ್ಕುಗಟ್ಟಿದ್ದನ್ನೂ ಅದರ ನಡುವೆ ಕೂದಲೆಳೆಯಂಥ ಕಂದು ಗೆರೆಯನ್ನೂ ತೋರಿಸಿದಳು. ಸೈಕಲ್ ತಲೆಕೆಳಗಾಗಿ ನಿಂತಿದ್ದರಿಂದ ಅದು ಕಂಡಿತ್ತು. ಕೊಳ್ಳುವಾಗ ನಾನು ಬಗ್ಗಿ ನೋಡಿರಲಿಲ್ಲ.

ಅದು ಗೀರೋ ಬಿರುಕೋ ಎಂಬ ಚರ್ಚೆ ನಡೆಯಿತು. ಹಳೆಯ ವರ್ಕ್‌ಶಾಪುಗಳಲ್ಲಿ ಬಳಸುತ್ತಿದ್ದ ಸರಳ ವಿಧಾನವೊಂದಿದೆ. ಸಂಶಯವಿರುವ ಜಾಗದ ಬಣ್ಣವನ್ನು ಉಜ್ಜಿ ತೆಗೆದು, ಸೀಮೆಎಣ್ಣೆ ಹಚ್ಚಿ ಕೆಲಹೊತ್ತು ಬಿಡಬೇಕು. ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯಬೇಕು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಸುಣ್ಣಕ್ಕೆ ಹೀರಿ ಬಂದು ಗೆರೆ ಮೂಡುತ್ತದೆ. ಬರೀ ಗೀರಾಗಿದ್ದರೆ ಮೂಡುವುದಿಲ್ಲ. ಪಕ್ಕದ ಸೈಕಲ್ ಮಿಸ್ತ್ರಿಯಿಂದ ಸಣ್ಣ ಬಾಟಲಿಯಲ್ಲಿ ಸೀಮೆಎಣ್ಣೆ ತರಿಸಿ ಅವಧಿಯ ಮೊದಲಿಗೇ ಹಚ್ಚಿಸಿ, ಹದಿನೈದು ನಿಮಿಷದ ನಂತರ ಒರೆಸಿ ನನ್ನ ಕೈಯಲ್ಲಿದ್ದ ಸೀಮೆಸುಣ್ಣವನ್ನೇ ಪುಡಿಮಾಡಿ ಬಳಿದೆವು. ಎರಡು ನಿಮಿಷದೊಳಗೆ ಕೊಳವೆಯ ಸುತ್ತ ಕಾಲುಭಾಗದಷ್ಟು ಉದ್ದಕ್ಕೆ ಒದ್ದೆ ಗೆರೆ ಎದ್ದು ಕಂಡಿತು. ತರಗತಿ ನಿಶ್ಶಬ್ದವಾಯಿತು.

ಆ ಸೈಕಲ್ ಏರಿ, ಗೋವಾಕ್ಕೆ ಹೋಗುವ ಲಾರಿಗಳ ನಡುವೆ 26 ಕಿ.ಮೀ. ಬರಬೇಕೆಂದು ನಾನು ಲೆಕ್ಕ ಹಾಕಿದ್ದೆ. ಅಂಥ ಜಾಗದ ಬಿರುಕು ಮುನ್ಸೂಚನೆ ಕೊಡದೆ ಮುರಿಯಬಹುದು. ಮುಂಚಕ್ರ ಸಮೇತ ಹ್ಯಾಂಡಲ್ ಕೈಗೆ ಬರುತ್ತದೆ. ಉಕ್ಕನ್ನು ಬೆಸೆಯಬಹುದು, ಆದರೆ ತೆಳು ಕೊಳವೆಯನ್ನು ಸರಿಯಾಗಿ ಬೆಸೆದು ನೇರ ಮಾಡಿಸುವ ಖರ್ಚು ಸೈಕಲ್ಲಿನ ಬೆಲೆಯನ್ನು ಮೀರುತ್ತದೆ. ಕೈ ಎತ್ತಿಸಿದಾಗ ಮೂವತ್ತೆರಡೂ ಜನ ‘ಬೇಡ’ ಎಂದರು. ಪಾಠ ಯೋಜನೆಯ ಕೊನೆಯ ಸಾಲನ್ನು ಹೊಡೆದುಹಾಕಿ ಅವಲೋಕಕರಿಗೆ ಕೊಟ್ಟೆ.

ವಿಸ್ತರಣೆ: ಕೊಟ್ಟಿಗೆಯ ಸೈಕಲ್

ಬಿರುಕು ಕಂಡುಹಿಡಿದ ಹುಡುಗಿಯೇ ಪಾಠ ಮುಗಿದ ಮೇಲೆ ಬಂದು, ‘ಸರ್, ನಮ್ಮ ಅಕ್ಕನ ಸೈಕಲ್ ದನದ ಕೊಟ್ಟಿಗ್ಯಾಗ ಐತ್ರಿ. ಗುಜರಿಗೆ ಹಾಕ್ತೀನಿ ಅಂತಾರ ಅಪ್ಪ. ಅದನ್ನೂ ಹಿಂಗ ನೋಡೂಣೇನ್ರಿ?’ ಎಂದಳು. 2006-07ರಲ್ಲಿ ಆರಂಭವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಯಲ್ಲಿ ಅಕ್ಕನಿಗೆ ಸಿಕ್ಕ ಸೈಕಲ್ ಅದು. ಕೋವಿಡ್ ನಂತರ ಆ ವಿತರಣೆ ನಿಂತುದರಿಂದ ಇವಳ ತರಗತಿಗೆ ಹೊಸದು ಬಂದಿರಲಿಲ್ಲ. ಮನೆ ಶಾಲೆಯಿಂದ 4 ಕಿ.ಮೀ.

ಮುಂದಿನ ಸೋಮವಾರ ಅವಳ ಅಪ್ಪ ಅದನ್ನು ತಳ್ಳಿಕೊಂಡು ತಂದರು. ಈ ಸಲ ಕ್ರಮ ಬದಲಿಸಿದೆ: ಮೊದಲು ಚೌಕಟ್ಟು, ಆಮೇಲೆ ಸವೆತ, ಕೊನೆಗೆ ಹಣ. ದಾರದ ಅಂತರ ಎರಡೂ ಕಡೆ 31 ಮಿ.ಮೀ. ಸುಣ್ಣದ ಮೇಲೆ ಯಾವ ಗೆರೆಯೂ ಮೂಡಲಿಲ್ಲ. ತುಕ್ಕು ಮೇಲ್ಮೈಯಲ್ಲಷ್ಟೇ ಇತ್ತು. ಚೈನು ನೋಡಲು ನನ್ನದಕ್ಕಿಂತ ಕೆಟ್ಟದಾಗಿತ್ತು, ಪೂರ್ತಿ ಕೆಂಪು. ಮಿಸ್ತ್ರಿ ಚೈನು ಮತ್ತು ಫ್ರೀವೀಲ್ ಬದಲಿಸಿ ಒಟ್ಟು 1,360 ರೂಪಾಯಿ ಹೇಳಿದ್ದರು. ಮಕ್ಕಳು ಟೇಪ್ ಹಿಡಿದರು: 306 ಮಿ.ಮೀ. ಸವೆತ ಶೇ. 0.4 ಮಾತ್ರ. ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜಿದ ಮೇಲೆ ಕೀಲುಗಳು ಸಲೀಸಾಗಿ ಮಡಚಿದವು. ತುಕ್ಕು ಬೇರೆ, ಸವೆತ ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು. ಅಳತೆ ತೋರಿಸಿದಾಗ ಮಿಸ್ತ್ರಿಯೂ ಒಪ್ಪಿದರು. ಚೈನಿನ 180, ಫ್ರೀವೀಲಿನ 120 ಕಳೆದು, ಎಣ್ಣೆಗೆ 40 ಸೇರಿಸಿ ಖರ್ಚು 1,100 ರೂಪಾಯಿಗೆ ಇಳಿಯಿತು.

‘ಶಕ್ತಿ ಯೋಜನೇದಾಗ ಅಕಿಗೆ ಬಸ್ ಫ್ರೀ ಐತಲ್ರಿ, 1,100 ಯಾಕ?’ ಎಂದು ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಬಸ್ಸಿನ ಸಮಯ ಶಾಲೆಯ ಸಮಯಕ್ಕೆ ಕೂಡುವುದಿಲ್ಲ, ಹಾಗಾಗಿ ಹೆಚ್ಚಿನ ದಿನ ನಡೆದೇ ಬರುತ್ತೇನೆ ಎಂದಳು. ಗಂಟೆಗೆ 5 ಕಿ.ಮೀ. ನಡಿಗೆಯಲ್ಲಿ 48 ನಿಮಿಷ, 12 ಕಿ.ಮೀ. ವೇಗದ ಸೈಕಲ್‌ನಲ್ಲಿ 20 ನಿಮಿಷ. ದಿನಕ್ಕೆ ಹೋಗಿಬರುವಲ್ಲಿ 56 ನಿಮಿಷ ಉಳಿತಾಯ. ‘ಮಳಿಗಾಲದಾಗ ಲಗೂ ಕತ್ತಲಾಕ್ಕೈತ್ರಿ’ ಎಂದು ಅವಳೇ ಸೇರಿಸಿದಳು. ಆ 56 ನಿಮಿಷದ ಬೆಲೆ ಎಷ್ಟು ಎಂಬುದನ್ನು ನಾವು ರೂಪಾಯಿಯಲ್ಲಿ ಬರೆಯಲಿಲ್ಲ. ಅದನ್ನು ಅವಳ ಅಪ್ಪನಿಗೆ ಬಿಟ್ಟೆವು.

ಮೌಲ್ಯಮಾಪನ

ಮುಂಚಕ್ರವನ್ನು ಎತ್ತಿ ಒಂದೇ ರೀತಿ ತಿರುಗಿಸಿ, ನಿಲ್ಲುವವರೆಗಿನ ಸಮಯ ಅಳೆಯುವ ಚಟುವಟಿಕೆ ಕೊಟ್ಟಿದ್ದೆ. ಒಣಗಿದ ಗ್ರೀಸಿನೊಂದಿಗೆ 9 ಸೆಕೆಂಡು. ಗುಂಡುಗಳನ್ನು ತೊಳೆದು ಹೊಸ ಗ್ರೀಸ್ ತುಂಬಿದ ಮೇಲೆ 41 ಸೆಕೆಂಡು. ಕಾರಣ ಬರೆಯಿರಿ ಎಂದಾಗ 32ರಲ್ಲಿ 25 ವಿದ್ಯಾರ್ಥಿಗಳು ಉರುಳುವ ಘರ್ಷಣೆ ಮತ್ತು ಕೀಲೆಣ್ಣೆಯ ಕೆಲಸವನ್ನು ಸರಿಯಾಗಿ ವಿವರಿಸಿದರು. ಏಳು ಜನ ‘ಘರ್ಷಣೆ ಇಲ್ಲವಾಯಿತು’ ಎಂದು ಬರೆದರು. ಘರ್ಷಣೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ ಎಂಬುದನ್ನು ನಾನು ಒತ್ತಿ ಹೇಳಿರಲಿಲ್ಲ. ಬ್ರೇಕಿನಲ್ಲಿ ಬೇಕಾದ ಘರ್ಷಣೆ ಬೇರಿಂಗಿನಲ್ಲಿ ಏಕೆ ಬೇಡ ಎಂಬ ಹೋಲಿಕೆಗೂ ಸಮಯ ಸಾಲಲಿಲ್ಲ. ಈ ಪಾಠಕ್ಕೆ ಎರಡಲ್ಲ, ಮೂರು ಅವಧಿ ಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಮಾತು

1. ನಿಜವಾದ ಪ್ರಶ್ನೆ ಕೇಳುವುದಾದರೆ ಪಾಠ ಯೋಜನೆಯಲ್ಲಿ ಉತ್ತರ ಬರೆಯಬೇಡಿ. ಉತ್ತರ ತಲುಪುವ ಕ್ರಮವನ್ನು ಬರೆಯಿರಿ.

2. ಮೊದಲು ಬದಲಿಸಲಾಗದ ಭಾಗ ನೋಡಿ. ಟೈರು, ಚೈನು, ಬ್ರೇಕ್ ರಬ್ಬರು ಸವೆಯಲೆಂದೇ ಇರುವವು, ಚೌಕಟ್ಟು ಹಾಗಲ್ಲ. ನಾನು ಸುಲಭದ್ದನ್ನು ಮೊದಲಿಟ್ಟು, ಮುಖ್ಯವಾದದ್ದನ್ನು ಕೊನೆಗೆ ತಳ್ಳಿದ್ದೆ.

3. ಕಣ್ಣಿನ ಅಂದಾಜಿಗಿಂತ ಟೇಪಿನ ಅಳತೆಯನ್ನು ನಂಬಿ. ಹೊಳೆಯುತ್ತಿದ್ದ ನನ್ನ ಹ್ಯಾಂಡಲ್ ಕೊಳವೆಯ ಕೆಳಗೆ ಬಿರುಕಿತ್ತು. ಕೆಂಪಾಗಿದ್ದ ಚೈನು ಗಟ್ಟಿಯಾಗಿತ್ತು.

4. ಉಪಕರಣಗಳಿಗೆ ದುಡ್ಡು ಬೇಕಿಲ್ಲ. ದಾರ, ಆಯಸ್ಕಾಂತ, ಟೇಪ್, ಸ್ವಲ್ಪ ಸೀಮೆಎಣ್ಣೆ, ಒಂದು ಸೀಮೆಸುಣ್ಣ ಸಾಕು. ಸೀಮೆಎಣ್ಣೆಯನ್ನು ಶಿಕ್ಷಕರೇ ಹಚ್ಚಬೇಕು, ಕಿಟಕಿಗಳು ತೆರೆದಿರಬೇಕು.

ನನ್ನ ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕಿಯವರು, ‘ಉದ್ದೇಶ ಈಡೇರಿಲ್ಲ, ಪಾಠ ಯಶಸ್ವಿಯಾಗಿದೆ’ ಎಂದು ಬರೆದರು. ರೋಡ್ ಬೈಕಿನ ಚಕ್ರಗಳನ್ನು ಮಾರಿದೆ. ಚೌಕಟ್ಟನ್ನು ಬಿರುಕಿನ ಸುತ್ತ ಕೆಂಪು ಬಣ್ಣದ ಗುರುತು ಹಾಕಿ ನಮ್ಮ ಕಾಲೇಜಿನ ವಿಜ್ಞಾನ ಬೋಧನಾ ಕೊಠಡಿಗೆ ಕೊಟ್ಟಿದ್ದೇನೆ. ಬೇಕಾದವರು ಪಾಠಕ್ಕೆ ಒಯ್ಯಬಹುದು. ಕೊಟ್ಟಿಗೆಯ ಸೈಕಲ್ಲಿಗೆ ಮೊದಲು ಬ್ರೇಕ್ ಮತ್ತು ಟೈರು ಹಾಕಿಸಿದ್ದಾರೆ. ನಾನು ಈಗಲೂ ಬಸ್ಸಿನಲ್ಲೇ ಖಾನಾಪುರಕ್ಕೆ ಹೋಗುತ್ತೇನೆ; ಆ ಹುಡುಗಿ ನನಗಿಂತ ಮೊದಲೇ ಶಾಲೆಯ ಗೇಟಿನಲ್ಲಿರುತ್ತಾಳೆ.